ಉಡಚಪ್ಪನವರ ಸಹಿ

ಧಾರವಾಡದ ನಮ್ಮ ಪರೀಕ್ಷಾ ಕಚೇರಿಯಲ್ಲಿ ಪ್ರಶ್ನೆಪತ್ರಿಕೆಗಳಿಗೆ ಕಂಪ್ಯೂಟರಿನ ಬೀಗ. ವರ್ಷಕ್ಕೊಮ್ಮೆ ಬೀಗ ಹಾಕಲೊಂದು, ತೆಗೆಯಲು ಗುಟ್ಟಿನದೊಂದು ಎಂದು ಹೊಸ ಕೀಲಿಜೋಡಿ ಮಾಡಿ, ಗುಟ್ಟಿನ ಕೀಲಿ ಇರುವ ಪೆನ್‌ಡ್ರೈವನ್ನು ಲಕೋಟೆಗೆ ಹಾಕಿ, ಅರಗು ಒತ್ತಿ ಲಾಕರಿನಲ್ಲಿಡುತ್ತೇವೆ. ಉಡಚಪ್ಪನವರು ತೀರಿಕೊಂಡ ಮೇಲೆ ಆ ಕೆಲಸ ನನಗೆ ಬಂತು.

ಹೋದ ವಾರ ಸೋಮವಾರ ಮಧ್ಯಾಹ್ನ, ಈ ಕೆಲಸದಲ್ಲಿ ನನ್ನ ಜೊತೆಗಿರುವ ನಿಶಾತ ಮೇಡಂ ಮೌಸನ್ನು ಮನಸ್ಸಿಗೆ ಬಂದಂತೆ ಆಡಿಸಿದರು. ಆ ಆಟದಿಂದಲೇ ಕೀಲಿ ಹುಟ್ಟುತ್ತದೆ. ಯಾರೂ ಮೊದಲೇ ಊಹಿಸಲಾರರು. ಆಗಷ್ಟೇ ಕಂಪ್ಯೂಟರಿನಿಂದ ತೆಗೆದ, ಬಿಸಿಯಾಗಿರಬೇಕಿದ್ದ ಪೆನ್‌ಡ್ರೈವ್ ಕೈಯಲ್ಲಿ ತಣ್ಣಗೆ ಕೊರೆಯುತ್ತಿತ್ತು.

ಲಾಕರಿನ ಚಾವಿ ನನ್ನ ಜೇಬಿನಲ್ಲೇ ಇತ್ತು. ತೆರೆದರೆ ಒಳಗೆ ಆಗಲೇ ಒಂದು ಹೊಸ ಲಕೋಟೆ. ಅರಗು ಇನ್ನೂ ಮೆತ್ತಗಿತ್ತು. ಮೇಲೆ ಅಂದಿನ ತಾರೀಖು, ಉಡಚಪ್ಪನವರ ಸಹಿ.

“ಅವರು ಹೋಗಿ ಎಂಟ ತಿಂಗಳಾತಲ್ರೀ ಸರ್!” ಎಂದರು ನಿಶಾತ.

ಒಡೆದು, ಒಳಗಿದ್ದ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಹಾಕಿ ನೋಡಿದರೆ, ನಾವು ಈಗಷ್ಟೇ ಮಾಡಿದ್ದ ಕೀಲಿಯೇ, ಒಂದಕ್ಷರ ಬಿಡದೆ.

“ಲಗೂ ಇನ್ನೊಂದ ಮಾಡೂಣ್ರಿ,” ಎಂದು ಅವಸರಿಸಿದರು ನಿಶಾತ.

ಮಾಡಿದೆವು. ಒಂಬತ್ತು ದಿನವಾಯಿತು. ಆ ಎರಡನೇ ಪೆನ್‌ಡ್ರೈವ್ ನನ್ನ ಜೇಬಿನಲ್ಲೇ ತಣ್ಣಗೆ ಕೊರೆಯುತ್ತಿದೆ. ಲಾಕರು ತೆರೆಯಲು ಇಬ್ಬರಿಗೂ ಧೈರ್ಯವಿಲ್ಲ.