ಮುಂಭಾಗದ ಪಾಲು

ಮಾರ್ಗಶಿರದ ಬಿಸಿಲು ಹದವಾಗಿತ್ತು. ಹುಣಸೂರಿನ ಹೊರಗೆ ರಾಗಿ ಕೊಯ್ಲು ಮುಗಿದು, ಕಣಗಳಲ್ಲಿ ಮೆದೆ ಒಟ್ಟುವ ಕೆಲಸ ನಡೆದಿತ್ತು. ವೀರಭದ್ರಸ್ವಾಮಿಯ ಕಣದಲ್ಲೂ ನಾಲ್ಕು ಆಳುಗಳು ಬೆಳಗಿನಿಂದ ಹೊರೆ ಎಸೆಯುತ್ತಿದ್ದರು. ಯಜಮಾನ ಮಾತ್ರ ಹೊಂಗೆಮರದ ಕೆಳಗೆ ಕೂತು ಊರಿನ ಕಡೆ ನೋಡುತ್ತಿದ್ದ.

“ಯಜಮಾನ್ರೇ, ಮೆದೆ ಒಂದ್ ಕಡೀಕ್ ವಾಲ್ತಾ ಐತೆ ಕಣ್ರೀ,” ಎಂದ ಆಳು ಅಂಕಯ್ಯ.

“ವಾಲ್ಲಿ ಬುಡು,” ಎಂದ ವೀರಭದ್ರಸ್ವಾಮಿ.

ಅಂಕಯ್ಯ ಪಕ್ಕದವನ ಮುಖ ನೋಡಿದ. ಒಂದೊಂದು ಹೊರೆಗೂ ಲೆಕ್ಕವಿಡುವ ಮನುಷ್ಯ ಹಾಗೆ ಅಂದದ್ದು ಇದೇ ಮೊದಲು.

ವೀರಭದ್ರಸ್ವಾಮಿಯ ತಲೆಯಲ್ಲಿ ಇದ್ದದ್ದು ಮನೆ. ಮಂಟಪದ ಬೀದಿಯ ಆ ತೊಟ್ಟಿಮನೆಯನ್ನು ಕಟ್ಟಿಸಿದವನು ಅವನ ಮುತ್ತಾತ. ಈಗ ಅದು ನಾಲ್ಕು ಪಾಲು. ಪಾಲು ಹಂಚುವಾಗ ಚೀಟಿ ಎತ್ತಿದ ಅವನ ಅಪ್ಪನಿಗೆ ಬಂದದ್ದು ಕೊಟ್ಟಿಗೆಗೆ ಅಂಟಿಕೊಂಡ ಹಿಂಭಾಗ. ಬೀದಿಗೆ ಮುಖಮಾಡಿದ ಎತ್ತರದ ಜಗಲಿ, ಕೆತ್ತನೆಯ ಕಂಬ, ಕೊಡಗಿಗೆ ಹೋಗುವ ಗಾಡಿಗಳೆಲ್ಲ ಕಾಣುವ ಮುಂಭಾಗ ದೊಡ್ಡಪ್ಪನ ಕಡೆಗೆ ಹೋಯಿತು. ದೊಡ್ಡಪ್ಪನ ಮಗನೂ ಸತ್ತು, ಈಗ ಅದು ಆ ಮಗನ ಹೆಂಡತಿ ಶಿವರುದ್ರಮ್ಮನದಾಗಿತ್ತು. ಇಡೀ ಮನೆಗೆ ತಲೆಬಾಗಿಲು ಒಂದೇ ಆದ್ದರಿಂದ ವೀರಭದ್ರಸ್ವಾಮಿ ತನ್ನ ಮನೆಗೆ ಹೋಗಬೇಕಾದರೆ ಅವಳ ಜಗಲಿ ದಾಟಿಯೇ ಹೋಗಬೇಕಿತ್ತು. ಅವಳು ಅಲ್ಲೇ ಅಕ್ಕಿ ಆರಿಸುತ್ತಾ ಕೂತಿರುತ್ತಿದ್ದಳು. ಇಪ್ಪತ್ತು ವರ್ಷದಿಂದ, ಒಂದು ದಿನವೂ ತಪ್ಪದೆ, ಅವಳದು ಒಂದೇ ಮಾತು:

“ಬದ್ರಪ್ಪಾ, ಕಾಲ್ ತೊಳ್ಕಂಡ್ ಬಂದ್ಯಾ?”

ಆ ಶಿವರುದ್ರಮ್ಮ ಈಗ ತನ್ನ ಪಾಲನ್ನು ಮಾರುವವಳಿದ್ದಳು. ಹನಗೋಡಿನಲ್ಲಿ, ತಮ್ಮನ ಗದ್ದೆಯ ಪಕ್ಕಕ್ಕೆ ಒಂದು ಎಕರೆ ನೀರಾವರಿ ಗದ್ದೆ ನೋಡಿಟ್ಟಿದ್ದಳು. ಸಂಕ್ರಾಂತಿಯೊಳಗೆ ಹಣ ಕೊಡದಿದ್ದರೆ ಅದು ಬೇರೆಯವರ ಪಾಲಾಗುತ್ತಿತ್ತು. ಕೊಳ್ಳಲು ಬಂದವನು ಹಂಪಾಪುರದ ಜವಳಿ ವ್ಯಾಪಾರಿ ಗಂಗಾಧರಪ್ಪ. ನಾಲ್ಕುನೂರು ರೂಪಾಯಿ ಅಂದಿದ್ದ.

ಮನೆಗೊಂದು ಕಟ್ಟಳೆ ಇತ್ತು. ಯಾರೇ ಪಾಲು ಮಾರಲಿ, ಉಳಿದ ಪಾಲುಗಾರರು ಒಪ್ಪಿ ವೀಳ್ಯ ಮುಟ್ಟಬೇಕು. ಕೊಳ್ಳುವವನ ಕುಲ, ನಡತೆ, ಬೀಡಿ ಸೇದುತ್ತಾನೋ, ಎಮ್ಮೆ ಕಟ್ಟುತ್ತಾನೋ ಎಲ್ಲವನ್ನೂ ವಿಚಾರಿಸುವ ಹಕ್ಕು ಅವರಿಗಿತ್ತು. ಬೇಡ ಎನ್ನುವವನು ಮಾತ್ರ ಹೊರಗಿನವನು ಹೇಳಿದ ಬೆಲೆಯನ್ನು ತಾನೇ ಕೊಟ್ಟು ಕೊಳ್ಳಬೇಕು. ಉಳಿದ ಎರಡು ಪಾಲಿನ ಒಡೆಯ ನಂಜುಂಡಸ್ವಾಮಿ ಒಂದರಲ್ಲಿ ಮಲಗುತ್ತಿದ್ದ, ಇನ್ನೊಂದರಲ್ಲಿ ಹುಣಸೆಹಣ್ಣು ತುಂಬುತ್ತಿದ್ದ. ಎಮ್ಮೆಯಿಲ್ಲ ಎಂದು ಕೇಳಿ ಅವನು ಆಗಲೇ ಒಪ್ಪಿದ್ದ. ಬೇಡ ಎನ್ನಲು ವೀರಭದ್ರಸ್ವಾಮಿಗೆ ಬಾಯಿ ಇತ್ತು, ನಾಲ್ಕುನೂರು ಇರಲಿಲ್ಲ. ನೂರು ಇತ್ತು.

ಹಾಗಾದರೆ ಮನೆಯ ಬೆಲೆಯೇ ನೂರಕ್ಕೆ ಇಳಿಯಬೇಕು.

ಆ ವರ್ಷ ಪ್ಲೇಗು ಮೈಸೂರಿನ ಕಡೆಯಿಂದ ಬಿಳಿಕೆರೆಯವರೆಗೆ ಬಂದಿತ್ತು. ಹುಣಸೂರನ್ನು ಇನ್ನೂ ಮುಟ್ಟಿರಲಿಲ್ಲ. ಮನೆಯಲ್ಲಿ ಇಲಿ ತಾನಾಗಿ ಸತ್ತು ಬಿದ್ದರೆ ಜನ ಉಟ್ಟಬಟ್ಟೆಯಲ್ಲಿ ಹೊರಟು ಹೊಲದ ಗುಡಿಸಲು ಸೇರುತ್ತಿದ್ದರು. ಅಂಥ ಮನೆಯನ್ನು ಆಮೇಲೆ ಪುಕ್ಕಟೆ ಕೊಟ್ಟರೂ ಮುಟ್ಟುವವರಿರಲಿಲ್ಲ. ಇಲಿಗಳನ್ನು ಇಲ್ಲವಾಗಿಸಲೆಂದು ಊರಿನ ಆರೋಗ್ಯದ ಕಚೇರಿಯವರು ಹಿಡಿದು ತಂದ ಇಲಿಯೊಂದಕ್ಕೆ ಮೂರು ಕಾಸು ಕೊಡುತ್ತಿದ್ದರು. ಹಾಗೆ ಬಂದವನ್ನು ಹೊಳೆಯಾಚೆಯ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚುತ್ತಿದ್ದರು.

ವೀರಭದ್ರಸ್ವಾಮಿ ಇದನ್ನೆಲ್ಲ ಮೂರು ದಿನ ಯೋಚಿಸಿದ. ರೋಗದ ಇಲಿ ಬೇಡ, ತನ್ನ ಜೀವಕ್ಕೇ ಸಂಚಕಾರ. ದೊಣ್ಣೆಯಲ್ಲಿ ಹೊಡೆದದ್ದೂ ಬೇಡ, ತಲೆ ಒಡೆದಿರುತ್ತದೆ. ಬೋನಿನ ಸಮೇತ ನೀರಿಗೆ ಅದ್ದಿ ಕೊಂದ ಇಲಿಯಾದರೆ ಮೈಮೇಲೆ ಗೀರೂ ಇರುವುದಿಲ್ಲ; ಆ ಗುಂಡಿಯಲ್ಲಿ ಅಂಥವೂ ಇರುತ್ತವೆ. ಒಂದೇ ಇಟ್ಟರೆ ಬೆಕ್ಕು ಹಿಡಿದದ್ದು ಅನ್ನುತ್ತಾರೆ, ಹತ್ತು ಇಟ್ಟರೆ ಯಾರೋ ತಂದು ಸುರಿದದ್ದು ಅನ್ನುತ್ತಾರೆ. ಮೂರು ಸರಿ. ಮನೆ ಬಿಡಬೇಕಾದರೆ ತಾನೂ ಬಿಡಬೇಕು ಎಂಬುದನ್ನೂ ಅವನು ಮರೆತಿರಲಿಲ್ಲ. ಹೇಗೂ ಒಕ್ಕಣೆ ಮುಗಿಯುವವರೆಗೆ ಕಣದ ಗುಡಿಸಲಲ್ಲೇ ಇರಬೇಕಿತ್ತು. ಇಷ್ಟು ಅಚ್ಚುಕಟ್ಟಾದ ಯೋಚನೆ ಕೊಟ್ಟಿಗೆಯ ಪಕ್ಕ ಹುಟ್ಟಿದವನಿಗೆ ಬಂದದ್ದಕ್ಕೆ ಅವನಿಗೇ ಹೆಮ್ಮೆಯಾಯಿತು.

ಸಂತೆಯ ದಿನ ಬೆಳಗಿನ ಹೊತ್ತಿಗೆ, ಕಚೇರಿಯ ಆಳು ಗುಂಡಿಗೆ ಇಲಿ ಸುರಿದು ಸುಣ್ಣ ತರಲು ಹೋದ ಸಂದಿನಲ್ಲಿ, ಅವನು ಸೀಳುಬಿದಿರಿನ ಇಕ್ಕಳದಿಂದ ಒಂದೊಂದನ್ನೇ ಎತ್ತಿ ತಲೆ ನೋಡಿದ, ಹೊಟ್ಟೆ ನೋಡಿದ. ಗಾಯವಿಲ್ಲದ ಮೂರನ್ನು ಬಾಳೆಪಟ್ಟೆಯಲ್ಲಿ ಸುತ್ತಿಕೊಂಡ. ಅದಕ್ಕಿಂತ ಹೆಚ್ಚು ನೋಡುವುದು ಅವನ ಮಡಿಗೆ ಒಗ್ಗುತ್ತಿರಲಿಲ್ಲ. ಹೊಳೆಯಲ್ಲಿ ಮುಳುಗಿ, ಹಣೆಗೆ ವಿಭೂತಿ ಇಟ್ಟುಕೊಂಡು ಮನೆಗೆ ಬಂದ. ಶಿವರುದ್ರಮ್ಮ ಸಂತೆಗೆ ಹೋಗಿದ್ದಳು. ಅವಳ ರಾಗಿವಾಡೆಯ ಹಿಂದೆ ಒಂದು, ಒರಳಿನ ಮರೆಗೆ ಒಂದು, ದೇವರಗೂಡಿನ ಕೆಳಗೆ ಒಂದು, ಮೂತಿ ಮಾತ್ರ ಕಾಣುವಂತೆ ಮೂಲೆಗೆ ಒತ್ತಿ ಇಟ್ಟ. ದೇವರಗೂಡಿಗೆ ಕೈಮುಗಿಯುವುದನ್ನೂ ಮರೆಯಲಿಲ್ಲ.

ಮಧ್ಯಾಹ್ನ ಗಂಗಾಧರಪ್ಪ ವೀಳ್ಯ, ತೆಂಗಿನಕಾಯಿ, ಮುಂಗಡದ ಗಂಟಿನೊಡನೆ ಬಂದು ಜಗಲಿಯ ಮೇಲೆ ಕೂತ. ನಂಜುಂಡಸ್ವಾಮಿಯೂ ಬಂದ. ಶಿವರುದ್ರಮ್ಮ ತಟ್ಟೆ ತಂದಿಟ್ಟಳು. ವೀರಭದ್ರಸ್ವಾಮಿ ಲೋಟ ತರುವ ನೆಪದಲ್ಲಿ ಒಳಗೆ ಹೋದವನು ಕೂಗಿಕೊಂಡ.

“ಅತ್ತಿಗೆಮ್ಮಾ, ಕೆಟ್ವಲ್ಲಾ! ಇಲಿ! ಇಲಿ ಸತ್ತವೆ!”

ಗಂಗಾಧರಪ್ಪ ಜಗಲಿಯಿಂದ ಬೀದಿಗೆ ನೆಗೆದ. ಕಾಲಿನ ಒಂದು ಚಡಾವು ಮೇಲೆಯೇ ಉಳಿಯಿತು.

“ಯಾವ್ ಕಾಲದ್ ಸೇಡು ತೀರಿಸ್ಕತೀಯವ್ವಾ!” ಎಂದು ಬೀದಿಯಿಂದಲೇ ಕೂಗಿದ. “ಪಿಳೇಗಿನ್ ಮನೆ ನನ್ ತಲೇಗ್ ಕಟ್ತಿದ್ಯಾ?”

“ಓಡ್ ಬ್ಯಾಡಿ ನಿಂತ್ಕಳಿ,” ಎಂದಳು ಶಿವರುದ್ರಮ್ಮ. ಧ್ವನಿ ಒಣಗಿತ್ತು. “ಬೆಳಗ್ಗೆ ಮೂಲೆ ಮೂಲೆ ಗುಡ್ಸಿವ್ನಿ ನಾನು. ಆಗ ಇಲ್ದಿದ್ ಇಲಿ ಈಗೆಲ್ಲಿಂದ ಬಂದ್ವು?”

“ಸಾವು ಹೇಳ್ ಕೇಳ್ ಬತ್ತದಾ ಅತ್ತಿಗೆಮ್ಮಾ?” ವೀರಭದ್ರಸ್ವಾಮಿ ಕಣ್ಣೊರೆಸಿಕೊಂಡ. “ನಿಮ್ ಗದ್ದೆ ಕೈ ಬುಟ್ ಹೋಗ್ಬಾರ್ದು. ನಂದೊಂದ್ ನೂರು ರೂಪಾಯಿ ಐತೆ. ಮನೆತನದ್ ಮನೆ, ಸತ್ರೂ ನಾನೇ ಸಾಯ್ತೀನಿ, ತಕ್ಕತೀನಿ.”

“ದೊಡ್ ಮನಸು ಕಣಪ್ಪಾ ನಿಂದು,” ಎಂದ ನಂಜುಂಡಸ್ವಾಮಿ, ಮೂಗಿಗೆ ಬಟ್ಟೆ ಹಿಡಿದು ದೂರ ನಿಂತೇ.

ಶಿವರುದ್ರಮ್ಮ ಮೈದುನನ ಮುಖವನ್ನೇ ನೋಡಿದಳು. ನೂರು ರೂಪಾಯಿಗೆ ಗದ್ದೆಯ ಬದುವೂ ಬರುತ್ತಿರಲಿಲ್ಲ.

“ಇನ್ಸ್‌ಪೆಟ್ರು ಬಂದ್ ನೋಡ್ಲಿ,” ಎಂದಳು. “ಅವ್ರು ಪಿಳೇಗು ಅಂದ್ರೆ ನೂರಕ್ಕೇ ಕೊಡ್ತೀನಿ, ತಕ.”

ವೀರಭದ್ರಸ್ವಾಮಿಗೆ ಅದಕ್ಕಿಂತ ಬೇರೇನು ಬೇಕು? ಸರ್ಕಾರದ ಬಾಯಿಂದಲೇ ಆ ಮಾತು ಬಂದರೆ ಊರಲ್ಲಿ ಇನ್ನು ಯಾವನೂ ಐದು ರೂಪಾಯಿ ಹೆಚ್ಚು ಹೇಳುವಂತಿರಲಿಲ್ಲ. ಅವನೇ ಓಡಿಹೋಗಿ ಆರೋಗ್ಯದ ಇನ್‌ಸ್ಪೆಕ್ಟರನ್ನು ಕರೆತಂದ. ಅವರು ಮೈಸೂರಿನ ಕಡೆಯ ಸಣಕಲು ಮನುಷ್ಯ. ಹೊಸಿಲಲ್ಲೇ ನಿಂತು ಮೊದಲು ಪುಸ್ತಕ ತೆಗೆದರು.

“ಇಲಿ ಸಾಯೋದನ್ನ ನೋಡಿದವರು ಯಾರು?”

ಯಾರೋ ತಂದು ಹಾಕಿದ್ದು ಎಂಬ ಅನುಮಾನಕ್ಕೆ ಸಂದು ಬಿಡಬಾರದಾಗಿತ್ತು. ಆ ಸಂದನ್ನು ಮುಚ್ಚುವ ಮಾತನ್ನು ವೀರಭದ್ರಸ್ವಾಮಿ ದಾರಿಯಲ್ಲೇ ಸಿದ್ಧಮಾಡಿಕೊಂಡಿದ್ದ.

“ನಾನೇ ಸ್ವಾಮಿ. ಕಣ್ಣಾರೆ ಕಂಡೆ. ಅಟ್ಟದಿಂದ ಕೆಳೀಕ್ ಬಿದ್ವು. ಕುಡುದೋರಂಗೆ ಮೂರ್ ಸುತ್ತು ಸುತ್ತುದ್ವು, ಬಾಲ ನೆಲಕ್ ಪಟಪಟ ಬಡುದ್ವು, ಒಂದೊಂದ್ ಮೂಲೆಗ್ ಸೇರ್ಕಂಡು ಪ್ರಾಣ ಬುಟ್ವು.”

“ಮೂರೂ?”

“ಮೂರೂವೆ.”

ಇನ್‌ಸ್ಪೆಕ್ಟರು ಮಾತು ಬಿಡದೆ ಬರೆದುಕೊಂಡು ಓದಿ ಹೇಳಿದರು. “ಸುಳ್ಳು ಹೇಳಿಕೆ ಕೊಟ್ಟರೆ ಜೈಲು. ಗೊತ್ತಲ್ಲ?”

“ಸಿವಸಿವಾ, ಸುಳ್ಳ್ ಯಾಕ್ ಹೇಳ್ಳಿ ಸ್ವಾಮಿ?” ಎಂದು ವೀರಭದ್ರಸ್ವಾಮಿ ನಕ್ಕು, ಕೂಲಿಮಠದಲ್ಲಿ ಕಲಿತ ದುಂಡಕ್ಷರದಲ್ಲಿ, ನಿಧಾನವಾಗಿ, ತಂದೆಯ ಹೆಸರನ್ನೂ ಸೇರಿಸಿ ರುಜು ಹಾಕಿದ. ಹಾಕುತ್ತಿರುವಾಗಲೇ ಅವನ ಕಣ್ಣು ಜಗಲಿಯ ಕಂಬಗಳ ಮೇಲಿತ್ತು. ನಾಳೆ ಅಲ್ಲಿ ಕೂತು ತಾನು ಯಾರನ್ನು ಏನು ಕೇಳಬೇಕು ಎಂಬುದೂ ಹೊಳೆದಿತ್ತು.

ಇನ್‌ಸ್ಪೆಕ್ಟರು ಉದ್ದನೆಯ ಕೋಲಿನಿಂದ ಇಲಿಗಳನ್ನು ಒಂದೊಂದಾಗಿ ಎಳೆದು ತೊಟ್ಟಿಯ ಬಿಸಿಲಿಗೆ ತಂದು ಸಾಲಾಗಿ ಮಲಗಿಸಿದರು. ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಕಚೇರಿಯಲ್ಲಿ ಮೂರು ಕಾಸು ಎಣಿಸಿ ಕೊಟ್ಟ ಕೂಡಲೇ, ಅದೇ ಇಲಿ ನಾಳೆ ಇನ್ನೊಬ್ಬನ ಕೈಯಲ್ಲಿ ಮತ್ತೆ ಬಾರದಿರಲೆಂದು, ಗುಮಾಸ್ತ ಕತ್ತರಿ ತೆಗೆದು ಅದರ ಬಾಲವನ್ನು ಬುಡಕ್ಕೇ ಕತ್ತರಿಸಿ ಹಾಕುತ್ತಿದ್ದ. ಇಲಿ ಹಿಡಿದು ಮಾರಿದ ಊರಿನ ಬಡವರಿಗೆಲ್ಲ ಅದು ಗೊತ್ತಿತ್ತು. ಮೂರು ಕಾಸಿಗೆ ಇಲಿ ಮುಟ್ಟದ ಮಡಿವಂತ ವೀರಭದ್ರಸ್ವಾಮಿಗೆ ಗೊತ್ತಿರಲಿಲ್ಲ. ಬಿಸಿಲಿನಲ್ಲಿ ಮಲಗಿದ್ದ ಮೂರಕ್ಕೂ ಬಾಲದ ಜಾಗದಲ್ಲಿ ಒಂದೊಂದು ಮೋಟು ಇತ್ತು. ಇನ್‌ಸ್ಪೆಕ್ಟರು ಪುಸ್ತಕ ತಿರುವಿ, ‘ಬಾಲ ನೆಲಕ್ಕೆ ಪಟಪಟ ಬಡಿದವು’ ಎಂಬ ಸಾಲಿನ ಮೇಲೆ ಬೆರಳಿಟ್ಟು, ಕೆಳಗಿನ ದುಂಡಕ್ಷರದ ರುಜುವನ್ನು ಓದಿಕೊಂಡು, ಮೆಲ್ಲಗೆ ಅಂದರು: “ಸ್ವಾಮಿಗಳೇ, ಈ ಮೂರಕ್ಕೂ ಸರ್ಕಾರ ಬೆಳಿಗ್ಗೆಯೇ ದುಡ್ಡು ಕೊಟ್ಟಾಗಿದೆ.”