ಗೋಮಾಳಕ್ಕೆ ಎತ್ತಿದ ಕೈ

ಖೇಡ್ಲಿ ಊರಿನ ಪಂಚಾಯ್ತಿ ಮುಖ್ಯಸ್ಥೆ, ಸರಪಂಚ್ ಸುಗನಿಯ ಹೆಣ ಬೆಳಿಗ್ಗೆ ಮೆಟ್ಟಿಲುಬಾವಿಯಲ್ಲಿ ತೇಲುತ್ತಿತ್ತು. ಮೇಲೆತ್ತಿದಾಗ ನೋಡಿದೆವು — ಎರಡು ಕೈಗಳೂ ಬೋಳು. ಒಂದು ಬಳೆಯೂ ಇಲ್ಲ.

“ನಿನ್ನೆ ಸಂಜೆ ಸಭೆ ಮುಗಿಸಿ ಬಂದೋಳು ಇಲ್ಲಿ ಜಾರಿರಬೇಕು,” ಎಂದ ಗಂಡ ಹರ್‌ಫೂಲ್. “ಬಳೆ ಒಡೆದಿರ್ತವೆ. ನಾನು ಸಭೆ ಮುಗಿದಾಗಿಂದ ಬೆಳಗಿನವರೆಗೂ ಊರ ಕಟ್ಟೆ ಮೇಲೇ ಇದ್ದೆ. ಯಾರನ್ನ ಬೇಕಾದ್ರೂ ಕೇಳಿ, ಮೇಡಂ.”

ಇನ್ಸ್‌ಪೆಕ್ಟರ್ ಕಮಲೇಶ್ ಮೇಡಂ ಮೆಟ್ಟಿಲುಗಳನ್ನೆಲ್ಲ ಹುಡುಕಿಸಿದರು. ಬಳೆಚೂರು ಸಿಗಲಿಲ್ಲ. ಎಲ್ಲರನ್ನೂ ಹರ್‌ಫೂಲ್‌ನ ಮನೆಯಂಗಳಕ್ಕೆ ಕರೆಸಿದರು.

“ಸಭೆಯಲ್ಲಿ ಏನಾಯ್ತು?”

ವಾರ್ಡ್ ಸದಸ್ಯ ಭೀಂವಾರಾಮ್ ನಕ್ಕ. “ಅವಳ ಹಟ ಮುಗೀತು. ಬರಗಾಲದಲ್ಲಿ ಹಿರಿಯರು ದನಕ್ಕೆ ಬಿಟ್ಟ ಗೋಮಾಳ, ಕೊಡಲ್ಲ ಅಂತಿದ್ಲು. ನಿನ್ನೆ ಗಂಡನ ಕಲ್ಲುಗಣಿಗೆ ಅದನ್ನ ಕೊಡೋಕೆ ತಾನೇ ಕೈ ಎತ್ತಿದ್ಲು. ಬಳೆ ಮೊಣಕೈವರೆಗೂ ಜಾರಿದ್ವು. ಊರ ಚಿಂತೇಲಿ ಸೊರಗಿದಾಳೆ ಅಂತ ನಕ್ವಿ.”

“ಏನಾದ್ರೂ ಮಾತಾಡಿದ್ಲಾ?”

“ಮುಸುಕಿನ ಹೆಂಗಸು, ಗಂಡಸರ ಮುಂದೆ ಏನು ಮಾತಾಡ್ತಾಳೆ? ಯಾವಾಗಲೂ ಗಂಡನೇ ಮಾತಾಡೋದು.”

ಬಳೆಗಾರ ಗಫೂರ್ ಗೊಣಗಿದ. ಅವನು ಸುಗನಿಯ ತವರೂರಿನವನು. “ಸಭೆ ಮುಗಿದ ಮೇಲೆ ಓಣಿಯಲ್ಲಿ ನಾವಿಬ್ಬರೇ ಎದುರಾದ್ವಿ. ‘ಕಾಕಾ, ಅಮ್ಮ ಹೇಗಿದಾಳೆ’ ಅಂತ ಒಂದು ಮಾತಿಲ್ಲ. ಮುಸುಕೂ ಸರಿಸಲಿಲ್ಲ. ಅಧಿಕಾರದ ಮದ ಅಂದ್ಕೊಂಡೆ.”

ಕಮಲೇಶ್ ಕಾನ್‌ಸ್ಟೆಬಲ್ ಆದ ನನ್ನ ಕಡೆ ತಿರುಗಿದರು. “ನೀನಾಗಿದ್ರೆ?”

“ಸರಿಸ್ತಿದ್ದೆ, ಮೇಡಂ. ಮುಸುಕು ಗಂಡನ ಊರಿನ ಗಂಡಸರ ಮುಂದೆ ಮಾತ್ರ. ತವರಿನವರ ಮುಂದೆ ಯಾರು ಮುಖ ಮುಚ್ಕೋತಾರೆ? ಅವರಿಗೆ ನಾನು ಮಗಳು.”

“ಗಂಡನ ಮನೆ ಕಂಡ ಯಾವ ಹೆಣ್ಣೂ ಅದನ್ನ ಮರೆಯಲ್ಲ. ಯೋಚಿಸೋಕೆ ಮುಂಚೆ ಕೈಯೇ ಮುಸುಕಿಗೆ ಹೋಗುತ್ತೆ. ಹಾಗಾದ್ರೆ ನಿನ್ನೆ ಕೂತಿದ್ದೋಳು ಸುಗನಿ ಅಲ್ಲ, ಈ ಊರಿನ ಸೊಸೇನೂ ಅಲ್ಲ. ಸೊಸೆಯಾಗಿದ್ರೆ, ಮುಸುಕು ಸರಿಸಬೇಕಾಗುತ್ತೆ ಅಂತ ಗೊತ್ತಿದ್ದು ಗಫೂರ್‌ನ ಕಂಡ ಕೂಡಲೇ ಓಣಿ ಬದಲಿಸ್ತಿದ್ಲು. ಮುಸುಕನ್ನೇ ಹಾಕಿ ಗೊತ್ತಿಲ್ಲದೋಳು — ಈ ಊರಲ್ಲೇ ಹುಟ್ಟಿದೋಳು. ಬಳೆ ಮೊಣಕೈಗೆ ಜಾರೋಷ್ಟು ಸಣ್ಣ ಕೈ.” ಅವರು ಹರ್‌ಫೂಲ್‌ನ ಎದುರು ನಿಂತರು. “ನಿನ್ನೆ ಮಧ್ಯಾಹ್ನ, ಸಭೆಗೆ ಮುಂಚೆ, ಬಿಸಿಲಿಗೆ ಯಾರೂ ಹೊರಬರದ ಹೊತ್ತಲ್ಲಿ ಹೆಂಡತೀನ ಮುಗಿಸಿದೆ. ಹೆಣದ ಕೈಯಿಂದ ಬಳೆ ಎಳೆದು ತೆಗೆದೆ. ಆಮೇಲೆ ಅವನ್ನ ಯಾರಿಗೆ ತೊಡಿಸಿದೆ?”

ಬಾಗಿಲಲ್ಲಿ ಹರ್‌ಫೂಲ್‌ನ ಮಗಳು ಪಿಂಕಿ ನಿಂತಿದ್ದಳು. ಶಾಲೆಯ ಸಮವಸ್ತ್ರ. ಎಡಗೈಯಲ್ಲಿ ಅಮ್ಮನ ಅರಗಿನ ಬಳೆಗಳು.

“ಅಮ್ಮಂಗೆ ಜ್ವರ, ನೀನು ಕೂತ್ಕೊಂಡು ಕೈ ಎತ್ತಿದ್ರೆ ಸಾಕು ಅಂದ್ರು ಅಪ್ಪ.”

ಹರ್‌ಫೂಲ್ ನಕ್ಕ. “ಬರಕೊಳ್ಳಿ. ಕೇಸಿನಲ್ಲಿ ನನ್ನ ಹೆಸರಿನ ಪಕ್ಕ ಮಗಳ ಹೆಸರೂ ಬರುತ್ತೆ.”

“ಗೊತ್ತು,” ಎಂದರು ಕಮಲೇಶ್. “ಅದಕ್ಕೇ ತಾನೇ ಅವಳನ್ನೇ ಕೂರಿಸಿದ್ದು?”

ಅವನನ್ನು ಜೀಪಿಗೆ ಹತ್ತಿಸಿದರು. ಹುಡುಗಿ ನನ್ನನ್ನು ಕೇಳಿದಳು: “ಅಮ್ಮ ಕೊಡಲ್ಲ ಅಂತಿದ್ದ ಗೋಮಾಳ ಕೊಡೋಕೇ ನಾನು ಕೈ ಎತ್ತಿದ್ನಾ?”

ಅವಳು ಬಲಗೈಯನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿಕೊಂಡಳು.