ಇನ್ನೊಂದು ರೊಟ್ಟಿ

ಕೊಂಡಾಪುರದ ಫ್ಲ್ಯಾಟಿನಲ್ಲಿ ವಿನಾಯಕ, ಸೀತಾರಾಮ ಎಂಬಿಬ್ಬರಿಗೆ ನಾನು ಅಡುಗೆ ಮಾಡುತ್ತಿದ್ದೆ. ವಿನಾಯಕ ರಜೆಯಲ್ಲೂ ಕಂಪ್ಯೂಟರ್ ಬಿಡುತ್ತಿರಲಿಲ್ಲ. ಜಗತ್ತೆಲ್ಲ ಬಿಟ್ಟಿಯಾಗಿ ಬಳಸುವ, ಯಾರು ಬೇಕಾದರೂ ತಿದ್ದಬಹುದಾದ ಒಂದು ಸಾಫ್ಟ್‌ವೇರ್ ಲೈಬ್ರರಿಗೆ ಕೋಡ್ ಬರೆಯುತ್ತಿದ್ದ.

"ನೀವು ರೊಟ್ಟಿ ಕೊಟ್ಟ ಹಾಗೇ ಗದಿಗೆಮ್ಮಾ. ಈ ಕೋಡೂ ಕೇಳಿದಾಗ ಒಂದೊಂದೇ ಮಾಹಿತಿ ಕೊಡ್ತದೆ. ಖಾಲಿಯಾದ್ರೆ ಮುಗೀತು ಅನ್ಬೇಕು. ಇಲ್ಲದಿದ್ರೆ ಕೇಳುವವ ಕೇಳ್ತಾನೇ ಇರ್ತಾನೆ. ಇದು ಮುಗೀತು ಅನ್ನುವುದೇ ಇಲ್ಲ, ಆ ತಪ್ಪನ್ನೇ ತಿದ್ತಾ ಇದ್ದೇನೆ."

"ಅಡಗಿಮನ್ಯಾಗ ಮುಗೀತು ಅನಬಾರದಪ್ಪ, ಅಶುಭ. ಖಾಲಿ ಆದ್ರೂ ಹೆಚ್ಚಾತು ಅಂತೀವಿ."

"ಹಾಗಾದ್ರೆ ನಿಮ್ಮಲ್ಲೂ ಅದೇ ತಪ್ಪುಂಟು!" ಎಂದು ನಕ್ಕ.

ತಿದ್ದಿದ್ದನ್ನು ಕಳಿಸುವ ಮೊದಲೇ ಬೈಕಿನಿಂದ ಬಿದ್ದು ತೀರಿಕೊಂಡ.

ಮುಂದಿನ ವಾರ, ಮಧ್ಯಾಹ್ನ ರೊಟ್ಟಿ ಬಡಿಯುವಾಗ ಅವನ ಖಾಲಿ ಕೋಣೆಯಿಂದ ದನಿ ಬಂತು: "ಇನ್ನೊಂದು, ಗದಿಗೆಮ್ಮಾ." ಬಿಸಿ ರೊಟ್ಟಿಯ ತಟ್ಟೆ ಬಾಗಿಲಲ್ಲಿಟ್ಟೆ. ತಿರುಗುವಷ್ಟರಲ್ಲಿ ತಟ್ಟೆ ಬರಿದಾಗಿತ್ತು. ಮುಟ್ಟಿದರೆ ಮಂಜುಗಡ್ಡೆಯಂತೆ ತಣ್ಣಗಿತ್ತು. "ಇನ್ನೊಂದು." ದಿನಾ ಇದೇ. ಎಷ್ಟು ಕೊಟ್ಟರೂ ಆ ದನಿ ಹಸಿವಿನಿಂದ ಸೊರಗುತ್ತಲೇ ಹೋಯಿತು.

ವಿನಾಯಕ ತಿದ್ದಿಟ್ಟಿದ್ದ ಕೋಡನ್ನು ಸೀತಾರಾಮ ಕಳಿಸಿದ, ಲೈಬ್ರರಿಯವರು ಸೇರಿಸಿಕೊಂಡರು. "ಈಗ ಸರಿಯಾಗಿ ನಿಲ್ತದೆ ಅಮ್ಮಾ" ಎಂದ. ಕೋಣೆಯ ದನಿ ನಿಲ್ಲಲಿಲ್ಲ.

ಅದರ ಸಂಕಟ ಕೇಳಲಾರದೆ ಒಂದು ದಿನ ಅಂದೇಬಿಟ್ಟೆ: "ಮುಗೀತಪ್ಪಾ."

ದನಿ ನಿಂತಿತು. ಪರಾತದಲ್ಲಿ ಹಿಟ್ಟು ಇನ್ನೂ ಇತ್ತು. ಹಂಚಿನ ಮೇಲಿದ್ದ ರೊಟ್ಟಿಯನ್ನು ಬರಿಗೈಯಲ್ಲಿ ತೆಗೆದೆ; ಆ ತಟ್ಟೆಯ ಹಾಗೇ ಕೈಗೆ ತಣ್ಣಗೆ ಹತ್ತಿತು. ಅಂದಿನಿಂದ ಇಂದಿನವರೆಗೆ ಯಾವ ರೊಟ್ಟಿಯೂ ನನ್ನ ಕೈಗೆ ಬಿಸಿ ಹತ್ತಿಲ್ಲ.